ತಪಾಸಣೆಗೆ ಉಟ್ಟ ಸೀರೆ

ಹೋದ ತಿಂಗಳು ನಮ್ಮ ಓಣಿಯ ಒಬ್ಬ ಹೆಣ್ಣುಮಗಳು ಬಾಗಿಲಲ್ಲಿ ನಿಂತು, "ಯಕ್ಕಾ, ಡಾಕ್ಟರ್ ತಪಾಸಣಿಗೆ ಯಾವ ಸೀರಿ ಉಟ್ಕೊಂಡು ಹೋಗ್ಲಿ?" ಎಂದು ಕೇಳಿದಳು. ಮಾಳಿಗೆಯಿಂದ ಬಿದ್ದು ಸೊಂಟ ಮುರಿದುಕೊಂಡವಳು. ಅಂಗವಿಕಲರ ಮಾಸಾಶನಕ್ಕೆ ಅರ್ಜಿ ಹಾಕಿದ್ದಾಳೆ. ಇಳಕಲ್ಲಿನಲ್ಲಿ ಹುಟ್ಟಿ ಬೆಳೆದವಳಿಗೆ ಸೀರೆಯ ವಿಚಾರ ಯಾರೂ ಹೇಳಿಕೊಡಬೇಕಿಲ್ಲ. ಆದರೂ ನನ್ನನ್ನೇ ಹುಡುಕಿಕೊಂಡು ಬಂದಳೆಂದರೆ, ಈ ಸೀರೆಯ ವಿಷಯದಲ್ಲಿ ನಾನು ತಿಂದ ಪೆಟ್ಟು ಓಣಿಗೆಲ್ಲ ಗೊತ್ತಿದೆ ಎಂದಾಯಿತು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನನ್ನ ಬೆರಳು ಪೆನ್ನು ಹಿಡಿಯಲು ಒಪ್ಪುವುದು ಮಧ್ಯಾಹ್ನದ ಮೇಲೆ, ಅದೂ ಅರ್ಧ ತಾಸು. ಹಾಗಾಗಿ ಇದು ದಿನಕ್ಕಿಷ್ಟು ಬರೆದ ಬರಹ. ನಡುನಡುವೆ ಸಿಟ್ಟು ಕಂಡರೆ, ಆವತ್ತು ಬೆರಳು ಹೆಚ್ಚು ನೋಯುತ್ತಿತ್ತು ಎಂದು ತಿಳಿದುಕೊಳ್ಳಿ. ಕಚೇರಿಯವರ ಹೆಸರು, ಡಾಕ್ಟರರ ಹೆಸರು ಬರೆಯುವುದಿಲ್ಲ. ಅವರೂ ಮಕ್ಕಳೊಂದಿಗರು.

ನಾನು ಸಂಗವ್ವ. ತವರು ಕೆರೂರ. ಏಳನೆಯ ಇಯತ್ತೆಯವರೆಗೆ ಸಾಲೆ ಕಲಿತು, ಹದಿನೆಂಟಕ್ಕೆ ಇಳಕಲ್ಲಿನ ನೇಕಾರರ ಮನೆಗೆ ಸೊಸೆಯಾಗಿ ಬಂದೆ. ಮನೆಯಲ್ಲಿ ಒಂದು ಕುಣಿಮಗ್ಗ, ಅದನ್ನು ನೇಯುವ ನಮ್ಮ ಮನೆಯವರು, ಮತ್ತು ನಮ್ಮ ಅತ್ತೆ ನೀಲವ್ವ. ಮಾವ ಹೋಗಿ ಬಹಳ ವರ್ಷವಾಗಿತ್ತು. ನಮ್ಮ ಇಳಕಲ್ ಸೀರೆಯ ಸೆರಗು ಬೇರೆ, ಮೈ ಬೇರೆ. ಮೈಯ ಉದ್ದಕ್ಕೆ ಓಡುವ ಹಾಸಿನ ಒಂದೊಂದು ಎಳೆಗೂ ಸೆರಗಿನ ಕೆಂಪು ರೇಷ್ಮೆಯ ಒಂದೊಂದು ಎಳೆಯನ್ನು ಕುಣಿಕೆಯಂತೆ ಸಿಕ್ಕಿಸಿ ಕೂಡಿಸಬೇಕು. ಅದಕ್ಕೆ ಕೊಂಡಿ ಹಾಕುವುದು ಎನ್ನುತ್ತೇವೆ. ಸಾವಿರಾರು ಎಳೆ, ಒಂದು ತಪ್ಪಿದರೂ ಸೆರಗಿನ ಬುಡದಲ್ಲಿ ಸಂದು ಬೀಳುತ್ತದೆ. ಅತ್ತೆ ತಮ್ಮ ಕಣ್ಣು ಮಂಜಾಗತೊಡಗಿದಾಗ ಆ ಕೆಲಸವನ್ನು ನನಗೆ ಕಲಿಸಿ, ತಾವು ಎದ್ದು ಒಲೆಯ ಮುಂದೆ ಕೂತರು. ನಾನು ಅದರಲ್ಲಿ ಕೈ ಕುದುರಿಸಿಕೊಂಡೆ. ಬಾಯಲ್ಲಿ ಹರಟೆ ನಡೆದಿರುವಾಗಲೂ ಬೆರಳು ತಮ್ಮ ಪಾಡಿಗೆ ತಾವು ಎಳೆ ಸಿಕ್ಕಿಸುತ್ತಿದ್ದವು. ಆ ಹೊತ್ತಿನಲ್ಲಿ ನನಗೆ ಬಹಳ ಜಂಬವಿತ್ತು, ಈಗ ಒಪ್ಪಿಕೊಳ್ಳುತ್ತೇನೆ.

ಎಪ್ಪತ್ತರ ದಶಕದ ಕೊನೆಗೆ, ನನಗೆ ಇಪ್ಪತ್ತಾರೋ ಇಪ್ಪತ್ತೇಳೋ ಇದ್ದಾಗ, ಒಂದು ಮುಂಜಾನೆ ತಂಬಿಗೆ ಎತ್ತಲು ಹೋದರೆ ಅದು ಕೈಯಿಂದ ಜಾರಿ ಬಿತ್ತು. ಬೆರಳ ಗೆಣ್ಣುಗಳು ಊದಿದ್ದವು. ರಾತ್ರಿ ಎಲ್ಲಿಯೋ ಒತ್ತಿರಬೇಕು ಎಂದುಕೊಂಡೆ. ಹನ್ನೆರಡರ ಹೊತ್ತಿಗೆ ಸಡಿಲಾಯಿತು. ಮರುದಿನ ಮುಂಜಾನೆ ಮತ್ತೆ ಅದೇ. ತಿಂಗಳು ಕಳೆಯುವಷ್ಟರಲ್ಲಿ ಮಣಿಕಟ್ಟು, ಮೊಣಕಾಲು, ಪಾದ ಎಲ್ಲಕ್ಕೂ ಹಬ್ಬಿತು. ಮುಂಜಾನೆ ಹಾಸಿಗೆಯಿಂದ ಏಳುವುದೇ ಒಂದು ಕೆಲಸವಾಯಿತು. ಮಧ್ಯಾಹ್ನ ಮಾತ್ರ ತಕ್ಕಮಟ್ಟಿಗೆ ಓಡಾಡುತ್ತಿದ್ದೆ. ಅತ್ತೆಗೆ ಇದು ಅರ್ಥವಾಗಲಿಲ್ಲ.

"ನಸುಕಿನ್ಯಾಗ ಕಸಾ ಹೊಡಿಯೂ ಹೊತ್ತಿಗೆ ಬ್ಯಾನಿ, ಮಧ್ಯಾಹ್ನ ಊಟಾ ಆದಮ್ಯಾಲ ಆರಾಮ. ಇಂಥಾ ಶಾಣ್ಯಾ ರೋಗ ನಾ ಎಲ್ಲೂ ಕಂಡಿಲ್ಲವ್ವಾ" ಎಂದು ನೆರೆಯವರ ಮುಂದೆ ಅಂದದ್ದು ನನ್ನ ಕಿವಿಗೂ ಬಿತ್ತು. ಕೆಲಸಗಳ್ಳಿ ಎಂಬ ಮಾತೂ ಒಮ್ಮೆ ಬಂತು. ಆದರೆ ಅವರ ಮೇಲೆ ಸಿಟ್ಟು ಮಾಡುವುದು ಸುಲಭವಿರಲಿಲ್ಲ. ನನಗೂ ಆ ರೋಗದ ಮೇಲೆ ಅದೇ ಸಂಶಯವಿತ್ತು.

ತವರಿನಲ್ಲಿ ಅವ್ವ ಕರೆಸಿಕೊಂಡು ಕೆರೂರಿನ ಒಬ್ಬರ ಹತ್ತಿರ ಎಣ್ಣೆ ತಿಕ್ಕಿಸಿದಳು, ಬನಶಂಕರಿಗೆ ಹರಕೆ ಹೊತ್ತಳು. ತಿಕ್ಕಿದವನ ಕೈಗೆ ಬಲ ಬಂತೇ ಹೊರತು ನನ್ನ ಕೈಗೆ ಬರಲಿಲ್ಲ. ವಾಪಸ್ಸು ಬಂದ ಮೇಲೆ ಒಂದು ಮುಂಜಾನೆ ಪೂಜೆಗೆ ಕೂತೆ. ನಾವು ಬಸವಣ್ಣನ ಒಕ್ಕಲು. ಎಡ ಅಂಗೈ ಅಗಲಿಸಿ ಇಷ್ಟಲಿಂಗವನ್ನು ಅದರ ಮೇಲಿಟ್ಟು ಪೂಜಿಸಬೇಕು. ಅಂಗೈ ಅಗಲಲೇ ಇಲ್ಲ. ಬಲಗೈಯಿಂದ ಬೆರಳು ಬಿಡಿಸಲು ನೋಡಿದೆ, ಅದಕ್ಕೂ ಶಕ್ತಿಯಿಲ್ಲ. ಗೋಡೆಯ ಕಡೆ ತಿರುಗಿ ಅಳುತ್ತಿದ್ದಾಗ ಅತ್ತೆ ಬಂದು ನೋಡಿದರು. ನನ್ನ ಎದುರಿಗೆ ಕೂತು, ತಮ್ಮ ಅಂಗೈಯನ್ನು ನನ್ನ ಕೈಯ ಕೆಳಗೆ ಒಡ್ಡಿ, ಲಿಂಗ ಜಾರದ ಹಾಗೆ ಹಿಡಿದುಕೊಂಡು, "ಮಾಡು ಪೂಜಿ" ಎಂದರು. ಕೆಲಸಗಳ್ಳತನ ಮಾಡುವವಳು ಅತ್ತೆಗೆ ಮೋಸ ಮಾಡಬಹುದು, ಲಿಂಗಕ್ಕೆ ಮಾಡಲಾರಳು ಎಂದು ಅವರಿಗೆ ಅನ್ನಿಸಿರಬೇಕು. ಆವತ್ತಿನಿಂದ ನನ್ನ ಮುಂಜಾನೆ ಅವರ ಕೈಗೆ ಹೋಯಿತು. ತಲೆ ಬಾಚುವುದು, ಕುಪ್ಪಸದ ಗುಂಡಿ ಹಾಕುವುದು, ನಿರಿಗೆ ಹಿಡಿದು ಸೀರೆ ಉಡಿಸುವುದು, ಎಲ್ಲ ಅವರದೇ.

ಬಾಗಲಕೋಟೆಯ ಒಂದು ದವಾಖಾನೆಯಲ್ಲಿ ಕಡೆಗೆ ರೋಗದ ಹೆಸರು ಗೊತ್ತಾಯಿತು: ಸಂಧಿವಾತ. ಅಲ್ಲಿಯ ವಯಸ್ಸಾದ ಡಾಕ್ಟರು ನನ್ನ ಎರಡೂ ಕೈ ತಮ್ಮ ಕೈಯಲ್ಲಿ ಹಿಡಿದು, "ಇದು ಹೋಗೂದಿಲ್ಲ ತಂಗಿ. ಇದರ ಕೂಡ ಬಾಳೇ ಮಾಡೂದು ಕಲೀಬೇಕು. ಮುಂಜಾನಿ ಗಟ್ಟಿ ಇರ್ತಾವ, ಹೊತ್ತೇರಿದಂಗ ಸಡಲ ಆಗ್ತಾವ, ಖರೆ ಏನು?" ಎಂದರು. ನಾನು ಅತ್ತೆಯ ಮುಖ ನೋಡಿದೆ. ಅತ್ತೆ ನೆಲ ನೋಡಿದರು. ವಾಸಿಯಾಗದ ರೋಗವೆಂದು ಕೇಳಿಯೂ, ಅತ್ತೆಯ ಆ ಶಾಣ್ಯಾ ರೋಗ ಡಾಕ್ಟರರ ಪುಸ್ತಕದಲ್ಲಿಯೂ ಹಾಗೆಯೇ ಇದೆಯಲ್ಲ ಎಂದು ಒಳಗೊಳಗೇ ಸಮಾಧಾನವಾಯಿತು. ಆ ದವಾಖಾನೆಯ ಕಂಪೌಂಡರ್ ಒಬ್ಬ ಪುಣ್ಯಾತ್ಮ. ಮೊದಲ ತಿಂಗಳು ನಾನು ಔಷಧದ ಸೀಸೆಯ ಮುಚ್ಚಳ ತೆಗೆಯಲಾರದೆ ಹಲ್ಲಿನಿಂದ ತಿರುವಿದ್ದನ್ನು ನೋಡಿದ್ದ. ಮುಂದೆ ಪ್ರತಿ ತಿಂಗಳೂ ಮುಚ್ಚಳ ಸಡಿಲಿಸಿ, ಸೀಸೆಯನ್ನು ಹಾಳೆಯಲ್ಲಿ ಸುತ್ತಿ ನೆಟ್ಟಗೆ ನಿಲ್ಲಿಸಿ ಕೊಡುತ್ತಿದ್ದ. ಅವನಿಗೆ ನಾನು ಹೇಳಿರಲಿಲ್ಲ, ಅವನೂ ನನಗೆ ಹೇಳಲಿಲ್ಲ.

ನನ್ನ ಬೆರಳು ನಿಂತ ಮೇಲೆ ಕೊಂಡಿ ಹಾಕುವವರು ಯಾರು? ಅತ್ತೆಯೇ ಮತ್ತೆ ಮಗ್ಗದ ಮುಂದೆ ಕೂತರು. ಅರವತ್ತು ದಾಟಿದ ಕಣ್ಣು. ಎಳೆಯನ್ನು ಮೂಗಿನ ಹತ್ತಿರ ತಂದು, ನೀರು ಸುರಿಯುವ ಕಣ್ಣನ್ನು ಸೆರಗಿನಿಂದ ಒತ್ತಿಕೊಂಡು, ಮತ್ತೆ ಎಳೆ ಹುಡುಕುತ್ತಿದ್ದರು. ನಾನು ಎರಡು ಮಾರು ದೂರದಲ್ಲಿ ಕೂತು ನೋಡುವುದು. ಆ ಕೂತು ನೋಡುವುದಿದೆಯಲ್ಲ, ಅದರಷ್ಟು ಗೆಣ್ಣುಗಳು ನೋಯಲಿಲ್ಲ. ಕಣ್ಣಿನ ಡಾಕ್ಟರು ಅತ್ತೆಗೆ, ಎಳೆಯ ಕೆಲಸ ಬಿಡದಿದ್ದರೆ ಇದ್ದಷ್ಟು ದೃಷ್ಟಿಯೂ ಹೋದೀತು ಎಂದು ಹೇಳಿ ಕಳಿಸಿದ್ದರು. ಕೂಲಿ ಕೊಟ್ಟು ಬೇರೆಯವರನ್ನು ಕರೆದರೆ ನಮ್ಮ ಮನೆಯವರ ವಾರದ ಪಗಾರದಲ್ಲಿ ಉಣ್ಣಲು ಉಳಿಯುತ್ತಿರಲಿಲ್ಲ.

ಅಂಥದರಲ್ಲಿ, ಸರಕಾರ ಕೈಕಾಲು ಇಲ್ಲದವರಿಗೆ, ಇದ್ದೂ ದುಡಿಯಲಾರದವರಿಗೆ ತಿಂಗಳಿಗಿಷ್ಟು ಕೊಡುತ್ತದೆ ಎಂಬ ಸುದ್ದಿ ಬಂತು. ಮೊತ್ತ ದೊಡ್ಡದಲ್ಲ, ಆದರೆ ಕೊಂಡಿ ಹಾಕುವವಳೊಬ್ಬಳ ಕೂಲಿಗೆ ಸಾಕು. ಮನೆಯವರು ಅರ್ಜಿಯ ಹಾಳೆ ತಂದರು. ಅತ್ತೆ ಅದನ್ನು ಮುಟ್ಟಲಿಲ್ಲ. "ದುಡೀಲಾರದ ಉಣ್ಣೂದು ನಮ್ಮ ಮನಿತನದಾಗ ಇಲ್ಲ. ನನಗ ಇನ್ನೂ ಕಣ್ಣು ಅದಾವ" ಎಂದರು. ಹಾಳೆ ಎರಡು ತಿಂಗಳು ಗೂಡಿನಲ್ಲಿ ಧೂಳು ತಿಂದಿತು.

ಆಮೇಲೆ ಒಂದು ಸೀರೆ ವಾಪಸ್ಸು ಬಂತು. ನೂಲು ಕೊಟ್ಟು ನೇಯಿಸುವ ಸಾವುಕಾರರು ಸೆರಗನ್ನು ಬೆಳಕಿಗೆ ಹಿಡಿದು ನೋಡಿ, ಮಡಚಿ ನಮ್ಮ ಮನೆಯವರ ಕೈಗೆ ಕೊಟ್ಟರಂತೆ. ಕೊಂಡಿ ಐದಾರು ಕಡೆ ತಪ್ಪಿತ್ತು. ಆ ಸೀರೆಯ ಕೂಲಿ ಹೋಯಿತು, ನೂಲು ರೇಷ್ಮೆಯ ಬೆಲೆ ನಮ್ಮ ಮೇಲೆ ಬಿತ್ತು. ಅತ್ತೆ ಆ ಸೆರಗಿನ ಬುಡವನ್ನು ಬೆರಳಿನಿಂದ ಸವರಿ ಸಂದು ಎಲ್ಲಿದೆಯೆಂದು ಹುಡುಕಿದರು. ಕಣ್ಣಿಗೆ ಕಾಣಲಿಲ್ಲ, ಬೆರಳಿಗೆ ಸಿಕ್ಕಿತು. ಸೀರೆಯನ್ನು ಮಡಚಿ ಬದಿಗಿಟ್ಟು, "ಆ ಅರ್ಜಿ ತಗೀರಿ" ಎಂದರು.

ಹೀಗೆ ಶುರುವಾಯಿತು ನಮ್ಮ ಅಲೆದಾಟ. ನಮ್ಮ ತಾಲೂಕಿನ ಊರು ಹುನಗುಂದ. ಊರಿನ ಲೆಕ್ಕದ ತಲಾಟಿ ಸಿಕ್ಕರೆ ಕಾಗದಕ್ಕೆ ಒತ್ತುವ ಶಿಕ್ಕೆ ಇಲ್ಲ, ಶಿಕ್ಕೆ ಇದ್ದರೆ ಸರ್ಕಲ್ ಸಾಹೇಬರು ಇಲ್ಲ. ಆದಾಯದ ದಾಖಲೆ ತಂದರೆ ವಯಸ್ಸಿನ ದಾಖಲೆ ಎಲ್ಲಿ ಎಂದರು. ಅದನ್ನು ತರಲು ಕೆರೂರಿನ ಸಾಲೆಗೆ ಹೋಗಿ ಬರುವಷ್ಟರಲ್ಲಿ ಆದಾಯದ ದಾಖಲೆ ಹಳೆಯದಾಯಿತು. ಆ ಟೇಬಲ್ಲಿನ ಕಾರಕೂನರು ಕೆಟ್ಟವರಲ್ಲ, ಆದರೆ ಮಾತೆಲ್ಲ ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ. "ಆಗ್ತದ್ರಿ, ಆಗೂದಿಲ್ಲ ಅಂತಲ್ಲ. ಆದ್ರ ಈಗ ಆಗೂದಿಲ್ಲ. ಸೋಮವಾರ ಬರ್ರಿ" ಎನ್ನುತ್ತಿದ್ದರು. ಸೋಮವಾರ ಹೋದರೆ ಅವರಿಗೇ ಸೂಟಿ, ಎಂದರೆ ರಜೆ. ಆ ಕಚೇರಿಯ ಕಟ್ಟೆಯ ಮೇಲೆ ಎಷ್ಟು ಸೋಮವಾರ ಕೂತೆವೋ. ನನಗೆ ಬಸ್ಸಿನ ಮೆಟ್ಟಿಲು ಏರಲು ಆಗದು. ಮನೆಯವರು ಮೇಲಿನಿಂದ ಎಳೆದರೆ ಅತ್ತೆ ಕೆಳಗಿನಿಂದ ನೂಕುವರು. "ಲಗೂ ಹತ್ರಿ" ಎಂದು ಕಂಡಕ್ಟರ್ ಒದರಿದರೆ ಅತ್ತೆ, "ನೀ ಇಳಿದು ಬಂದು ಹತ್ತಸು, ಲಗೂ ಆಗ್ತೈತಿ" ಎನ್ನುವರು. ಒಬ್ಬಿಬ್ಬರು ಇಳಿದು ಬಂದು ಹತ್ತಿಸಿದ್ದೂ ಉಂಟು.

ಎಲ್ಲ ಕಾಗದ ಕೂಡಿದ ಮೇಲೆ ಉಳಿದದ್ದು ಡಾಕ್ಟರ ತಪಾಸಣೆ. ಅದಕ್ಕೆ ಬಾಗಲಕೋಟೆಗೇ ಹೋಗಬೇಕು, ಆದರೆ ನನ್ನನ್ನು ನೋಡುತ್ತಿದ್ದ ಡಾಕ್ಟರಲ್ಲ, ಸರಕಾರದವರು ಗೊತ್ತುಮಾಡಿದ ಬೇರೆ ಡಾಕ್ಟರು. ದಿನ ಗೊತ್ತಾದ ಕೂಡಲೇ ಅತ್ತೆ ತಯಾರಿಗೆ ನಿಂತರು. ನಮ್ಮಲ್ಲಿ ದೊಡ್ಡವರ ಮುಂದೆ ಹೋಗುವಾಗ ಇದ್ದುದರಲ್ಲಿ ಒಳ್ಳೆಯದನ್ನು ಉಟ್ಟು ಹೋಗುವುದು ಪದ್ಧತಿ. ಮೈಲಿಗೆ ಸೀರೆ, ಕೆದರಿದ ತಲೆಯಲ್ಲಿ ಹೋದರೆ ಎದುರಿಗಿದ್ದವರಿಗೆ ಅವಮರ್ಯಾದೆ ಮಾಡಿದಂತೆ. ನೇಕಾರರ ಮನೆಯಲ್ಲಿ ನೇಯ್ದ ಸೀರೆ ಉಡುವುದು ಅಪರೂಪ, ಅದೆಲ್ಲ ಸಾವುಕಾರರ ಅಂಗಡಿಗೆ. ಆದರೆ ನಮ್ಮಲ್ಲಿ ಈಗ ಒಂದು ಇತ್ತಲ್ಲ, ವಾಪಸ್ಸು ಬಂದದ್ದು! ಅತ್ತೆ ಅದನ್ನೇ ತೆಗೆದರು. ಸಂದು ಕಾಣದ ಹಾಗೆ ಸೆರಗನ್ನು ಮಡಚಿ ಹೊದಿಸಿದರು. ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ತುರುಬು ಕಟ್ಟಿದರು, ಹಸಿರು ಬಳೆ ಇಡಿಸಿದರು, ಹಣೆಗೆ ವಿಭೂತಿ ಹಚ್ಚಿದರು. ಎರಡು ಹೆಜ್ಜೆ ಹಿಂದೆ ಸರಿದು ನೋಡಿ, "ಈಗ ಮನಷ್ಯಾರ ಕಂಡಂಗ ಕಾಣ್ತಿ" ಎಂದರು. ನನಗೂ ಬಹಳ ದಿನದ ಮೇಲೆ ಕನ್ನಡಿ ನೋಡಲು ಮನಸ್ಸಾಯಿತು.

ಹತ್ತಕ್ಕೆ ಹೋಗಿ ಕೂತವರನ್ನು ಒಳಗೆ ಕರೆದಾಗ ಎರಡೂವರೆ. ಬಿಸಿಲಿನ ಪಡಸಾಲೆಯಲ್ಲಿ ಅಷ್ಟು ಹೊತ್ತು ಕೂತು ನನ್ನ ಬೆರಳು ಎಂದಿಗಿಂತ ಹೆಚ್ಚು ಸಡಿಲಾಗಿದ್ದವು. ಮನೆಯವರನ್ನೂ ಅತ್ತೆಯನ್ನೂ ಹೊರಗೆ ನಿಲ್ಲಿಸಿದರು. ಡಾಕ್ಟರು ತಲೆ ಎತ್ತಿ ಸೀರೆ ನೋಡಿದರು, ತುರುಬು ನೋಡಿದರು. ಮುಷ್ಟಿ ಮಾಡಲು ಹೇಳಿದರು, ಮುಕ್ಕಾಲು ಮಾಡಿದೆ. ಬಿಡಿಸಲು ಹೇಳಿದರು, ಬಿಡಿಸಿದೆ. "ಸಹಿ ಮಾಡ್ತೀರೋ, ಹೆಬ್ಬೆಟ್ಟೋ?" ಎಂದು ಕೇಳಿದರು. ಏಳನೆಯ ಇಯತ್ತೆ ಕಲಿತವಳು ಹೆಬ್ಬೆಟ್ಟು ಒತ್ತುವುದೇ? ಹಲ್ಲು ಕಚ್ಚಿ, ಒಂದೊಂದು ಅಕ್ಷರವನ್ನೂ ಮುತ್ತಿನ ಹಾಗೆ ತಿದ್ದಿ ಸಹಿ ಮಾಡಿದೆ. ಬೆರಳು ಉರಿಯುತ್ತಿತ್ತು, ಮುಖದಲ್ಲಿ ತೋರಿಸಲಿಲ್ಲ. ಅವರು ಏನೋ ಬರೆದು ಲಕೋಟೆಯಲ್ಲಿ ಹಾಕಿದರು. ಐದು ನಿಮಿಷ ಹಿಡಿಯಲಿಲ್ಲ. ಹೊರಗೆ ಬಂದು, "ಭಾಳ ಚೊಲೋ ಮಾತಾಡಿದ್ರು" ಎಂದು ಅತ್ತೆಗೆ ಹೇಳಿದೆ.

ಮೂರು ವಾರದ ಮೇಲೆ ಹುನಗುಂದದ ಕಾರಕೂನರು ಆ ಕಾಗದ ಓದಿ ಹೇಳಿದರು. "ಆಗಲಿಲ್ರಿ. ಡಾಕ್ಟರು ಹೀಂಗ ಬರದಾರ ನೋಡ್ರಿ: ಅರ್ಜಿದಾರಳು ಅಚ್ಚುಕಟ್ಟಾಗಿ ಉಡುಪು ಧರಿಸಿದ್ದು, ತಲೆ ಬಾಚಿಕೊಂಡಿದ್ದು, ಸ್ಪಷ್ಟವಾಗಿ ಸಹಿ ಮಾಡುತ್ತಾಳೆ. ದಿನನಿತ್ಯದ ಕೆಲಸಗಳನ್ನು ತಾನೇ ಮಾಡಿಕೊಳ್ಳಬಲ್ಲಳು."

ಅತ್ತೆಗೆ ಆ ಪುಸ್ತಕದ ಕನ್ನಡ ಪೂರ್ತಿ ತಿಳಿಯಲಿಲ್ಲ. ನಾನು ಬಿಡಿಸಿ ಹೇಳಿದೆ. ಹೇಳಿದ್ದೇ ತಡ, ಅವರು ಕಾರಕೂನರ ಟೇಬಲ್ಲಿನ ಮೇಲೆ ತಮ್ಮ ಎರಡೂ ಕೈ ಊರಿದರು.

"ಆ ತಲಿ ಬಾಚಿದಾಕಿ ನಾನ್ರಿ! ಸೀರಿ ಉಡಿಸಿದಾಕಿ ನಾನು! ಗುಂಡಿ ಹಾಕಿದಾಕಿ ನಾನು! ನನ್ನ ಕೈ ನೋಡಿ ಆಕಿ ಕೈ ಚೊಲೋ ಅದಾವ ಅಂತ ಬರದ್ರ ಹೆಂಗ್ರಿ?"

"ಅದನ್ನ ನಾ ಏನ್ ಮಾಡ್ಲಿ ಯವ್ವಾ" ಎಂದರು ಕಾರಕೂನರು. ಆಮೇಲೆ ದನಿ ತಗ್ಗಿಸಿ, "ಮತ್ತೊಮ್ಮೆ ಅರ್ಜಿ ಕೊಡ್ರಿ. ಈ ಸಲ ಇಷ್ಟು ಛಂದ ಮಾಡ್ಕೊಂಡು ಹೋಗಬ್ಯಾಡ್ರಿ. ಹರಕ ಸೀರಿ ಉಟ್ಟು, ತಲಿ ಕೆದರಕೊಂಡು, ಅಳಕೋತ ಹೋಗ್ರಿ. ಹಂಗ ಹೋದವ್ರದೆಲ್ಲಾ ಆಗೇತಿ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಅವರಿಗೆ ಹೊಂದುವುದಿಲ್ಲ. ಈ ಪೂಜಾರಿ ಕೊಡಲು ತಯಾರಿದ್ದ, ವೇಷ ಮಾತ್ರ ಬೇಕೆನ್ನುತ್ತಿದ್ದ.

ಓಣಿಯವರೆಲ್ಲ ಅದನ್ನೇ ಹೇಳಿದರು. ಮನೆಯವರೂ ಹೂಂ ಎಂದರು. ರೋಗ ನನ್ನ ಕೈ ಕಸಿದುಕೊಂಡಿತ್ತು, ಮರ್ಯಾದೆ ಕಸಿದಿರಲಿಲ್ಲ. ಅದನ್ನು ಸರಕಾರಕ್ಕೆ ನಾವಾಗಿಯೇ ಬಿಚ್ಚಿ ಕೊಡಬೇಕಿತ್ತು. ಆದರೆ ದಿನಾ ಅತ್ತೆ ಕಣ್ಣೊರೆಸಿಕೊಂಡು ಎಳೆ ಹುಡುಕುವುದನ್ನು ನೋಡುವಾಗ, ಹರಕು ಸೀರೆ ಏನು ಮಹಾ ಎಂದೂ ಅನ್ನಿಸುತ್ತಿತ್ತು. ಎರಡನೆಯ ಅರ್ಜಿ ಕೊಟ್ಟೆವು. ಮತ್ತೆ ಅವೇ ಕಾಗದ, ಅವೇ ಸೋಮವಾರಗಳು. ತಪಾಸಣೆಯ ದಿನ ಬಂದಾಗ ಸುಮಾರು ಒಂದು ವರ್ಷ ಕಳೆದಿತ್ತು.

ಆ ಮುಂಜಾನೆ ಅತ್ತೆ ನನಗೆ ಒಲೆ ಸಾರಿಸುವ ಅರಿವೆಗೆಂದು ತೆಗೆದಿಟ್ಟ ಹಳೆಯ ಸೀರೆ ಉಡಿಸಿದರು. ತಲೆ ಬಾಚಲಿಲ್ಲ. ಬಸ್ ನಿಲ್ದಾಣದವರೆಗೆ ಮೂವರೂ ನಡೆದೆವು. ಅಲ್ಲಿ ಪರಿಚಯದ ಹೆಂಗಸೊಬ್ಬಳು ನನ್ನನ್ನು ನೋಡಿ ಗಾಬರಿಯಾಗಿ, "ಯಾಕ ನೀಲವ್ವ, ಮನ್ಯಾಗ ಯಾರರ ಹ್ವಾದ್ರೇನು?" ಎಂದು ಕೇಳಿದಳು. ಅತ್ತೆಯ ಮುಖ ಕಪ್ಪಾಯಿತು. ಆ ಹೆಂಗಸು ಅತ್ತ ಹೋದದ್ದೇ ತಡ, ಚೀಲದೊಳಗೆ ಕೈ ಹಾಕಿ ಹಣಿಗೆ ತೆಗೆದರು. ಬಾಚಬಾರದು ಎಂದು ನಿಶ್ಚಯಿಸಿಕೊಂಡು ಬಂದವರು ಹಣಿಗೆ ಯಾಕೆ ತಂದಿದ್ದರೋ! ನಿಲ್ದಾಣದ ಕಟ್ಟೆಯ ಮೇಲೆ ನನ್ನನ್ನು ಕೂಡಿಸಿ ತಲೆ ಬಾಚತೊಡಗಿದರು.

"ಯವ್ವಾ, ಮತ್ತ ಹೋದಸಲದ ಹಂಗ ಆಗ್ತೈತಿ" ಎಂದರು ಮನೆಯವರು.

"ಆಗ್ಲಿ. ನನ್ನ ಕಣ್ಣು ಹೋದ್ರ ಹೋಗ್ಲಿ. ನನ್ನ ಸೊಸಿನ್ನ ಹೀಂಗ ನೋಡಾಕ ಬೇಕಾದ ಕಣ್ಣು ನನಗ ಬ್ಯಾಡ" ಎಂದು, ತುರುಬು ಕಟ್ಟಿಯೇ ಎದ್ದರು. ಚೀಲದಲ್ಲಿ ಒಂದು ಒಗೆದ ಸೀರೆಯೂ ಇತ್ತು. ಬಾಗಲಕೋಟೆಯಲ್ಲಿ ಇಳಿದ ಮೇಲೆ ಹೆಂಗಸರ ಕೋಣೆಯಲ್ಲಿ ಅದನ್ನೂ ಉಡಿಸಿದರು. ನನಗೆ ಒಂದು ಕಡೆ ಸಮಾಧಾನ, ಇನ್ನೊಂದು ಕಡೆ ಅಂಜಿಕೆ. ಇದು ಹೋದರೆ ಇನ್ನೊಂದು ವರ್ಷ ಅತ್ತೆ ಎಳೆ ಹುಡುಕಬೇಕು, ಅಷ್ಟು ದಿನ ಆ ಕಣ್ಣು ತಡೆಯುವ ಹಾಗಿರಲಿಲ್ಲ.

ಹಿಂದಿನ ಡಾಕ್ಟರಿಗೆ ವರ್ಗವಾಗಿ ಈಗ ಡಾಕ್ಟರಬಾಯಿಯೊಬ್ಬರು ಬಂದಿದ್ದರು. ಮೈಸೂರು ಕಡೆಯವರು, ಇನ್ನೂ ಚಿಕ್ಕ ವಯಸ್ಸು. ಮತ್ತೆ ಮಧ್ಯಾಹ್ನವೇ ಒಳಗೆ ಕರೆದರು. ಈ ಸಲ ಅತ್ತೆ ಹೊರಗೆ ನಿಲ್ಲಲಿಲ್ಲ. ಪಟ್ಟೇವಾಲಾ ಬಾಗಿಲಿಗೆ ಅಡ್ಡ ಬಂದರೆ ಅವನ ತೋಳಿನ ಕೆಳಗಿಂದ ನುಸುಳಿ ಬಂದರು. ಡಾಕ್ಟರಬಾಯಿ ಏನೂ ಕೇಳುವ ಮೊದಲೇ ಶುರುಮಾಡಿದರು: "ಯವ್ವಾ, ಈಕಿ ತಲಿ ಬಾಚಿದಾಕಿ ನಾನು, ಸೀರಿ ಉಡಿಸಿದಾಕಿ ನಾನು. ಈಗ ನೋಡಬ್ಯಾಡ್ರಿ. ಮುಂಜಾನಿ ನೋಡ್ರಿ. ಈಕಿ ರೋಗ ಮುಂಜಾನಿ ಇರ್ತೈತಿ, ನಿಮ್ಮ ದವಾಖಾನಿ ಮಧ್ಯಾಹ್ನ ತೆರೀತೈತಿ."

ಡಾಕ್ಟರಬಾಯಿ ನಕ್ಕುಬಿಟ್ಟರು. ಆಮೇಲೆ ನನ್ನ ಕೈಗಳನ್ನು ಬಹಳ ಹೊತ್ತು ನೋಡಿದರು. "ಇವತ್ತು ರಾತ್ರಿ ಇಲ್ಲೇ ವಾರ್ಡಿನಲ್ಲಿ ಉಳಿದುಕೊಳ್ಳಿ. ಬೆಳಿಗ್ಗೆ ಏಳಕ್ಕೆ ಬರ್ತೀನಿ. ಅಲ್ಲಿವರೆಗೂ ಇವರಿಗೆ ಯಾರೂ ಏನೂ ಸಹಾಯ ಮಾಡಬಾರದು" ಎಂದರು. ಹದಿನೆಂಟು ತಿಂಗಳ ಅಲೆದಾಟದಲ್ಲಿ ನನ್ನ ರೋಗದ ಹೊತ್ತಿಗೆ ತಾವು ಬರುತ್ತೇನೆ ಎಂದವರು ಅವರೊಬ್ಬರೇ.

ಮುಂಜಾನೆ ಅವರು ಹೇಳಿದ ಹೊತ್ತಿಗೆ ಬಂದರು, ಜೊತೆಗೆ ಒಬ್ಬ ನರ್ಸಬಾಯಿ. ಮಂಚದ ಸುತ್ತ ಪರದೆ ಎಳೆದರು. ಸೀರೆ ಬಿಡಿಸಿ ನನ್ನ ಕೈಗೆ ಕೊಟ್ಟು, "ನೀವೇ ಉಟ್ಟುಕೊಳ್ಳಿ, ಅವಸರ ಇಲ್ಲ" ಎಂದರು. ಅತ್ತೆಯನ್ನು ಮಂಚದ ಆ ಬದಿಗೆ ನಿಲ್ಲಿಸಿದರು.

ಸೀರೆಯ ಒಳಗಿನ ಪರಕಾರ, ಕುಪ್ಪಸದಲ್ಲಿ ನಿಂತಿದ್ದೆ. ಕುಪ್ಪಸದ ಕೆಳಗಿನ ಗುಂಡಿ ಬಿಚ್ಚಿತ್ತು. ಅದನ್ನು ಹಾಕಲು ಹೋದೆ. ಬೆರಳು ಗುಂಡಿಯನ್ನು ಮುಟ್ಟುತ್ತಿದ್ದವು, ಹಿಡಿಯುತ್ತಿರಲಿಲ್ಲ. ಅದನ್ನು ಬಿಟ್ಟು ಸೀರೆಯ ಅಂಚನ್ನು ಪರಕಾರದಲ್ಲಿ ಸಿಕ್ಕಿಸಲು ನೋಡಿದೆ. ಹೆಬ್ಬೆರಳು ಒಳಗೆ ಹೋಗಲಿಲ್ಲ. ಅಂಗೈಯ ಬದಿಯಿಂದ ಒತ್ತಿದೆ, ಸ್ವಲ್ಪ ನಿಂತಿತು. ಒಂದು ಸುತ್ತು ತಂದು ನಿರಿಗೆ ಮಾಡಲು ಬಗ್ಗಿದರೆ ಸುತ್ತಿದ್ದೆಲ್ಲ ಕಾಲ ಮೇಲೆ ಬಿತ್ತು. ನೆಲದಿಂದ ಎತ್ತಲು ಮೊಣಕಾಲು ಮಡಚಲಿಲ್ಲ. ಮಂಚಕ್ಕೆ ಮೈ ಆನಿಸಿ, ಕಾಲಿನಿಂದ ಸೀರೆಯನ್ನು ಎತ್ತಿ ಎರಡೂ ಮೊಣಕೈ ನಡುವೆ ಹಿಡಿದೆ. ಮತ್ತೆ ಸುತ್ತಿದೆ. ಮತ್ತೆ ಬಿತ್ತು. ಮೂರನೆಯ ಸಲ ಬಿದ್ದಾಗ ನಾನು ಎತ್ತಲಿಲ್ಲ. ಅಪರಿಚಿತರ ಮುಂದೆ ಅರೆಬರೆ ಬಟ್ಟೆಯಲ್ಲಿ ನಿಂತು, ಕೊಂಡಿ ಹಾಕಿ ಮೆರೆದ ಕೈಗಳನ್ನು ನೋಡಿಕೊಂಡು, ಈಗ ಖರೆಯೆಂದು ನಂಬಿದಿರಾ ಎಂದು ಒದರಬೇಕು ಅನ್ನಿಸಿತು. ಬಾಯಿಂದ ಅಳು ಬಂತು.

ತಲೆ ಎತ್ತಿದರೆ ಅತ್ತೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದರು. ಒಂದು ಕೈ ಇನ್ನೊಂದನ್ನು ಹಿಡಿದಿಟ್ಟುಕೊಂಡಿತ್ತು. ಆಮೇಲೆ ಬಿಟ್ಟವು. ಅವರು ನೇರ ಬಂದು ಸೀರೆ ಎತ್ತಿದರು.

"ಅಜ್ಜಿ, ಇನ್ನೂ ಸ್ವಲ್ಪ ನೋಡಬೇಕು" ಎಂದರು ಡಾಕ್ಟರಬಾಯಿ.

"ನೋಡಿದ್ದು ಸಾಕ್ರಿ. ಬರೀತೀರಿ, ಬರೀರಿ. ಇಲ್ಲಾ, ಬಿಡ್ರಿ. ಇನ್ನ ಒಂದು ಕ್ಷಣಾನೂ ನಾ ನಿಂದ್ರೂದಿಲ್ಲ."

ಆಯಿತು, ಹೋಯಿತು ಎಂದುಕೊಂಡೆ. ಅತ್ತೆ ಗುಂಡಿ ಹಾಕಿದರು, ಸೀರೆ ಸುತ್ತಿದರು, ನಿರಿಗೆ ಹಿಡಿದರು. ಕಣ್ಣು ಕಾಣದವರು, ಬೆರಳಿನ ಅಂದಾಜಿನಲ್ಲೇ ಒಂದೇ ಸಮನಾದ ನಿರಿಗೆ. ಡಾಕ್ಟರಬಾಯಿ ಪೆನ್ನು ಮುಚ್ಚಿ, ಅತ್ತೆಯ ಕೈ ನೋಡುತ್ತ ಕಾದರು. ಸೆರಗು ಹೊದಿಸಿ ಆದ ಮೇಲೆ ಮಂಚದ ತುದಿಯಲ್ಲಿ ಕೂತು, "ಇದು ದಿನಾ ಹೀಗೇನಾ? ಎಷ್ಟು ವರ್ಷದಿಂದ?" ಎಂದು ಕೇಳಿದರು.

"ಎಣಿಸಿಲ್ರಿ" ಎಂದರು ಅತ್ತೆ.

ಡಾಕ್ಟರಬಾಯಿ ಒಂದು ಪುಟ ತುಂಬ ಬರೆದರು. ಬರೆದದ್ದನ್ನು ನಮಗೆ ಓದಿ ಹೇಳಿ, ನಾನು ಹೂಂ ಎಂದ ಮೇಲೆ ಶಿಕ್ಕೆ ಒತ್ತಿದರು. ಪರರ ನೆರವಿಲ್ಲದೆ ಉಡಲು, ತೊಡಲು, ದುಡಿಯಲು ಆಗುವುದಿಲ್ಲ ಎಂಬುದು ಅದರ ಸಾರ. ನನ್ನ ಬಗ್ಗೆ ಅಂಥ ಮಾತು ಕೇಳಿ ಸಂತೋಷಪಡುವ ದಿನ ಬಂದೀತೆಂದು ನಾನು ತಿಳಿದಿರಲಿಲ್ಲ.

ವಾಪಸ್ಸು ಬರುವಾಗ ಅಮೀನಗಡದಲ್ಲಿ ಬಸ್ಸು ನಿಂತಾಗ ಮನೆಯವರು ಇಳಿದು ಕರದಂಟು ತಂದರು. ಅತ್ತೆ ಒಂದು ತುಂಡು ಮುರಿದು ನನ್ನ ಬಾಯಿಗಿಟ್ಟು, ಕಿಟಕಿಯ ಕಡೆ ನೋಡುತ್ತ ಹೇಳಿದರು: "ಮುಂಜಾನಿ ನೋಡ್ರಿ ಅಂತ ದೊಡ್ಡದಾಗಿ ಹೇಳಿದ್ನಲ್ಲ, ನಾನೂ ನೋಡಿರ್ಲಿಲ್ಲ ಸಂಗವ್ವ. ಲಗೂ ಲಗೂ ಉಡಿಸಿ ಬಿಡ್ತಿದ್ದೆ. ನೀ ಏನೇನು ಮಾಡಲಾರಿ ಅಂತ ನನಗ ಇವತ್ತ ಗೊತ್ತಾತು." ನನಗೆ ಬಾಯಲ್ಲಿ ಕರದಂಟು ಇದ್ದದ್ದು ಒಳ್ಳೆಯದೇ ಆಯಿತು, ಉತ್ತರ ಕೊಡಬೇಕಾಗಲಿಲ್ಲ.

ಮಂಜೂರಿಯ ಕಾಗದ ಬರಲು ಇನ್ನೂ ಏಳೆಂಟು ತಿಂಗಳು ಹಿಡಿಯಿತು. ಒಮ್ಮೆ ಫೈಲು ಕಳೆದಿತ್ತು, ಒಮ್ಮೆ ನನ್ನ ಫೋಟೊ ಬೇರೆಯವರ ಅರ್ಜಿಗೆ ಅಂಟಿತ್ತು. ಈಗಲೂ ಆಗಾಗ ಹುನಗುಂದಕ್ಕೆ ಹೋಗಿ, ಕೈ ಇನ್ನೂ ಹಾಗೆಯೇ ಇದೆ ಎಂದು ತೋರಿಸಿ ಬರಬೇಕು. ಸುಧಾರಿಸಿದ್ದರೆ ನಾನೇ ಪೇಢೆ ಹಂಚುತ್ತಿರಲಿಲ್ಲವೇ? ಓಣಿಯ ಹೆಣ್ಣುಮಗಳಿಗೆ ನಾನು ಹೇಳಿದ್ದು ಇಷ್ಟೇ: ನಿನಗೆ ಒಪ್ಪುವ ಸೀರೆ ಉಟ್ಟು ಹೋಗು, ಆದರೆ ಅದನ್ನು ಉಡಿಸಿದವರನ್ನು ಜೊತೆಗೆ ಒಳಗೆ ಕರೆದುಕೊಂಡು ಹೋಗು. ಕೇಳುವವರಿಗೆ ನೋವಿನ ಹೊತ್ತು ಯಾವುದೆಂದು ಹೇಳು. ನನ್ನ ಹಾಗೆ ನಾಚಿಕೊಂಡು ಮುಷ್ಟಿ ಬಿಡಿಸಬೇಡ, ಸಹಿಯನ್ನು ಮುತ್ತಿನ ಹಾಗೆ ತಿದ್ದಬೇಡ.

ಮೊದಲ ಮನಿಆರ್ಡರ್ ಬಂದದ್ದು ಒಂದು ಬುಧವಾರ. ಅಂಚೆಯವರು ಹೊರಟ ಮೇಲೆ ಅತ್ತೆ ಮಗ್ಗದ ಮುಂದಿನಿಂದ ಎದ್ದರು. ಕೊಂಡಿ ಹಾಕಲು ಗೊತ್ತುಮಾಡಿದ್ದ ಪಕ್ಕದ ಮನೆಯ ನಿಂಗವ್ವ ಆ ಜಾಗದಲ್ಲಿ ಕೂತಳು. ಅತ್ತೆ ಸ್ವಲ್ಪ ಹೊತ್ತು ಅವಳ ಹಿಂದೆ ನಿಂತು, ಅಲ್ಲಿ ಹಿಡಿ, ಇಲ್ಲಿ ಬಿಡು ಎಂದರು. ಅವಳಿಗೆ ಹೇಳುವಂಥದ್ದೇನೂ ಇರಲಿಲ್ಲ. ಹೊರಗೆ ಬಂದು ಅಂಗಳ ನೋಡಿದರು, ಒಳಗೆ ಬಂದು ಒಲೆ ನೋಡಿದರು. ಆ ಕೈಗಳಿಗೆ ಏನು ಮಾಡಬೇಕೆಂದು ತಿಳಿಯದಾಗಿತ್ತು. ಕಡೆಗೆ ನನ್ನ ಹತ್ತಿರ ಬಂದು ಕೂತರು.

"ಸರಕಾರ ನಿನಗ ಪಗಾರ ಕೊಟ್ತು, ನನಗ ಸೂಟಿ ಕೊಟ್ತು ನೋಡು" ಎಂದರು. "ಎಂಟು ವರ್ಷದಾಕಿ ಇದ್ದಾಗ ಅವ್ವ ನೂಲಿಗೆ ಕೂಡಿಸಿದ್ಲು. ಅವತ್ತಿಂದ ಇದ ಮೊದಲನೇ ಸೂಟಿ. ಸೂಟ್ಯಾಗ ಏನು ಮಾಡ್ತಾರು?"

"ಮಕ್ಕೋತಾರ್ರಿ" ಎಂದೆ.

"ಹಗಲೊತ್ತಿನ್ಯಾಗ?"

"ಹೂನ್ರಿ."

ನಂಬಿಕೆಯಾಗದವರಂತೆ ನನ್ನನ್ನು ನೋಡಿ, ಅಲ್ಲಿಯೇ ಚಾಪೆಯ ಮೇಲೆ ಉರುಳಿದರು. ಒಂದೆರಡು ಸಲ ಮಗ್ಗುಲು ಬದಲಿಸಿದರು. ಆಮೇಲೆ ಬಾಯಿ ಸ್ವಲ್ಪ ತೆರೆಯಿತು, ಉಸಿರು ನಿಧಾನವಾಯಿತು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ಅವರು ನಿದ್ದೆ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗಿಂತ ನಂತರ ಮಲಗಿ ನನಗಿಂತ ಮೊದಲು ಏಳುತ್ತಿದ್ದರಲ್ಲ. ಮುಖ ಬೇರೆಯೇ ಕಾಣುತ್ತಿತ್ತು, ಯಾರೋ ಚಿಕ್ಕವಳದ್ದು ಅನ್ನುವ ಹಾಗೆ.

ನಿಂಗವ್ವನಿಗೆ ಎಲ್ಲೋ ಎಳೆ ಸಿಕ್ಕಾಯಿತು. ಅವಳು ಮಗ್ಗದಿಂದಲೇ ಕುತ್ತಿಗೆ ಚಾಚಿ, "ನೀಲವ್ವಾಯಿ, ಇಲ್ಲೊಂದೀಟು ಬರ್ರಿ" ಎಂದು ಕೂಗಿದಳು.

"ಎಬ್ಬಸಬ್ಯಾಡ" ಎಂದೆ ನಾನು. "ನಮ್ಮ ಅತ್ತಿಗೆ ಇವತ್ತ ಸೂಟಿ ಐತಿ."